ದನಿ ಹಿಡಿವ ಸುರುಳಿ

ಸವದತ್ತಿಯ ಯಲ್ಲಮ್ಮನ ಪದಗಳನ್ನು ಹಾಡುತ್ತ ಊರೂರು ತಿರುಗುವವರ ಕಂಕುಳಲ್ಲಿ ಚೌಡಿಕೆಯೆಂಬ ಪುಟ್ಟ ವಾದ್ಯವೊಂದು ಇರುತ್ತದೆ. ಜಮಖಂಡಿ, ಮುಧೋಳ, ಬೀಳಗಿಗಳ ಸುತ್ತಿನ ಹಳ್ಳಿಗಳಲ್ಲಿ ಅದರ ದನಿ ಹಳೆಯ ಪರಿಚಯದ್ದು. ಅದರ ರಚನೆ ಬಲು ಸರಳ. ಕೊಳಗದಂತಹ ಒಂದು ಮರದ ಪಾತ್ರೆ. ಅದರ ತಳಕ್ಕೆ ಬಿಗಿದ ತೊಗಲು. ತೊಗಲಿನ ನಡುವಿನಿಂದ ಹೊರಟು, ಪಕ್ಕದಲ್ಲಿ ನೆಟ್ಟ ಕೋಲಿನ ತುದಿಯವರೆಗೆ ಸೆಳೆದು ಕಟ್ಟಿದ ಒಂದೇ ಒಂದು ತಂತಿ. ಅದೇ ತಂತಿಯನ್ನು ಗೋಡೆಯ ಎರಡು ಮೊಳೆಗಳ ನಡುವೆ ಬಿಗಿದು ಮೀಟಿದರೆ ಹತ್ತಡಿ ದೂರದಲ್ಲಿ ಕುಳಿತವನಿಗೂ ಕೇಳಿಸದು. ತೆಳುವಾದ ತಂತಿಗೆ ಗಾಳಿಯನ್ನು ತಳ್ಳುವ ಶಕ್ತಿ ಇಲ್ಲ. ಅಗಲವಾದ ತೊಗಲಿಗೆ ಅದು ಇದೆ. ತಂತಿಯ ನಡುಕವನ್ನು ತೊಗಲು ಹಿಡಿದುಕೊಂಡು ತನ್ನದಾಗಿ ಮಾಡಿಕೊಂಡು ನುಡಿಯುತ್ತದೆ. ಆದುದರಿಂದಲೇ ಚೌಡಿಕೆಯ ದನಿ ಕೆಟ್ಟರೆ ಬಲ್ಲವರು ಮೊದಲು ನೋಡುವುದು ತೊಗಲನ್ನು. ಅದು ಸಡಿಲವಾಗಿದ್ದರೆ ಬಿಗಿಯುತ್ತಾರೆ, ಹರಿದಿದ್ದರೆ ಹೊಸದನ್ನು ಹೊದಿಸುತ್ತಾರೆ. ಕೋಲನ್ನೂ ಕೊಳಗವನ್ನೂ ಯಾರೂ ಎಸೆಯುವುದಿಲ್ಲ.

ತಂತಿ ಒಂದು, ಅದರ ದನಿಯನ್ನು ಹಿಡಿಯುವ ಸಾಧನ ಇನ್ನೊಂದು. ಈ ಭೇದವನ್ನು ಜಮಖಂಡಿಯಂತೆಯೇ ಪಟವರ್ಧನ ಅರಸರ ಸಂಸ್ಥಾನವಾಗಿದ್ದ ಮಿರಜದ ಕುಶಲಿಗರು ಬಹಳ ಸೂಕ್ಷ್ಮವಾಗಿ ಅರಿತವರು. ಹತ್ತೊಂಬತ್ತನೆಯ ಶತಮಾನದಲ್ಲಿ, ಆಯುಧ ಮಸೆಯುವ ಶಿಕಲಗಾರ ಮನೆತನದವರು ಆ ಊರಿನಲ್ಲಿ ತಂಬೂರಿ, ಸಿತಾರುಗಳನ್ನು ಮಾಡತೊಡಗಿದರು. 2024ರಲ್ಲಿ ಅಲ್ಲಿಯ ಸಿತಾರಿಗೂ ತಂಬೂರಿಗೂ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ತಂಬೂರಿಯ ತಂತಿಗಳು ಹಾಯ್ದುಹೋಗುವ ಕುದುರೆಯ ಮೇಲ್ಮೈಯನ್ನು ಅವರು ಅರದಿಂದ ಕೂದಲೆಳೆಯಷ್ಟು ತೀಡಿ, ತಂತಿಯ ಅಡಿಯಲ್ಲಿ ಒಂದು ನೂಲನ್ನು ಸಿಕ್ಕಿಸಿ, ಅದನ್ನು ಅತ್ತಿತ್ತ ಸರಿಸುತ್ತಾರೆ. ನೂಲು ತಕ್ಕ ಜಾಗಕ್ಕೆ ಬಂದೊಡನೆ ಮಂಕಾಗಿದ್ದ ತಂತಿ ಜೇನುಗೂಡಿನಂತೆ ಝೇಂಕರಿಸುತ್ತದೆ. ಇದಕ್ಕೆ ಜವಾರಿ ಎಂದು ಹೆಸರು. ಬಡಗಣ ಕರ್ನಾಟಕದವರಿಗೆ ಜವಾರಿ ಎಂದೊಡನೆ ಜವಾರಿ ಜೋಳ, ಜವಾರಿ ಕೋಳಿಗಳೇ ನೆನಪಾಗುವುದುಂಟು. ತಂಬೂರಿಯ ಜವಾರಿ ಬೇರೆ.

ಈಚಿನ ದಶಕಗಳಲ್ಲಿ ಈ ಸೀಮೆಯ ಜಾತ್ರೆಗಳಿಗೆ ಮತ್ತೊಂದು ತಂತಿವಾದ್ಯ ಬಂದು ಸೇರಿದೆ. ರಾತ್ರಿ ಶ್ರೀಕೃಷ್ಣ ಪಾರಿಜಾತವನ್ನು ನೋಡಿದ ಜನರೇ ಮರುದಿನ ರಸಮಂಜರಿಗೂ ಬಂದು ಕುಳಿತುಕೊಳ್ಳುತ್ತಾರೆ. ಪಾರಿಜಾತದ ಹಿಮ್ಮೇಳದಲ್ಲಿ ಹಾರ್ಮೋನಿಯಂ, ತಬಲಾ, ತಾಳಗಳಿದ್ದರೆ ರಸಮಂಜರಿಯ ವೇದಿಕೆಯಲ್ಲಿ ಕೀಬೋರ್ಡಿನ ಪಕ್ಕಕ್ಕೆ ಎಲೆಕ್ಟ್ರಿಕ್ ಗಿಟಾರು ನಿಂತಿರುತ್ತದೆ. ಅದರ ಒಡಲು ಸಾಮಾನ್ಯವಾಗಿ ಗಟ್ಟಿ ಮರದ ಹಲಗೆ. ಅದರಲ್ಲಿ ಚೌಡಿಕೆಯ ತೊಗಲೂ ಇಲ್ಲ, ತಂಬೂರಿಯ ಕುಂಬಳದ ಬುರುಡೆಯೂ ಇಲ್ಲ. ವಿದ್ಯುತ್ತು ಹೋಯಿತೆಂದರೆ ಅದು ಗೋಡೆಯ ಮೊಳೆಗಳಿಗೆ ಕಟ್ಟಿದ ತಂತಿಗಿಂತ ಹೆಚ್ಚೇನೂ ಅಲ್ಲ. ಅದರಲ್ಲಿ ದನಿಯನ್ನು ಹಿಡಿಯುವ ಕೆಲಸವನ್ನು ಮಾಡುವುದು ತಂತಿಗಳ ಅಡಿಯಲ್ಲಿ ಹುದುಗಿರುವ, ಬೆರಳಿನಷ್ಟು ಉದ್ದದ ಒಂದು ಸಾಧನ. ಅದರ ಹೆಸರು ಪಿಕಪ್. ಹಳೆಯ ಪಿಕಪ್ಪನ್ನು ತೆಗೆದು ಹೊಸದನ್ನು ಕೂರಿಸುವುದು ಗಿಟಾರು ಬಾರಿಸುವವರಲ್ಲಿ ಈಗ ಸಾಮಾನ್ಯವಾದ ರೂಢಿ. ಹಣ ಪೋಲಾಗುವುದೂ ಸಾಮಾನ್ಯವೇ. ಮಗ್ಗದ ಕೂಲಿಯಲ್ಲಿ ತಿಂಗಳುಗಟ್ಟಲೆ ಉಳಿಸಿದ ದುಡ್ಡು ಒಂದು ಪುಟ್ಟ ಪೆಟ್ಟಿಗೆಯ ರೂಪದಲ್ಲಿ ಮನೆಗೆ ಬಂದು, ಗಿಟಾರು ಮೊದಲಿನಂತೆಯೇ ನುಡಿದರೆ ಆಗುವ ನಿರಾಶೆ ಸಣ್ಣದಲ್ಲ.

ಪಿಕಪ್ಪಿನ ಒಳಗುಟ್ಟು ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ನಿಯಮದಲ್ಲಿ ಅಡಗಿದೆ. ತಂತಿಯ ಸುರುಳಿಯೊಂದರ ಮೂಲಕ ಹಾಯುವ ಅಯಸ್ಕಾಂತದ ಪ್ರಭಾವ ಏರಿಳಿದರೆ ಆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಪಿಕಪ್ಪಿನಲ್ಲಿ ಒಂದು ಅಯಸ್ಕಾಂತವೂ ಅದರ ಸುತ್ತ ಸಾವಿರಾರು ಸುತ್ತುಗಳ ತಾಮ್ರದ ಸುರುಳಿಯೂ ಇರುತ್ತವೆ. ಮೇಲಿರುವ ಉಕ್ಕಿನ ತಂತಿ ಅಯಸ್ಕಾಂತದಿಂದಾಗಿ ತಾನೂ ಕೊಂಚ ಅಯಸ್ಕಾಂತವಾಗುತ್ತದೆ. ಅದು ಸೆಕೆಂಡಿಗೆ ಎಷ್ಟು ಬಾರಿ ನಡುಗುವುದೋ ಅಷ್ಟೇ ಬಾರಿ ಸುರುಳಿಯಲ್ಲಿ ವಿದ್ಯುತ್ತು ಏರಿಳಿಯುತ್ತದೆ. ಆಂಪ್ಲಿಫೈಯರು ಅದನ್ನು ಹಿಗ್ಗಿಸಿ ಸ್ಪೀಕರಿಗೆ ಕೊಡುತ್ತದೆ. ನೈಲಾನಿನ ತಂತಿಗಳಿರುವ ಗಿಟಾರಿಗೆ ಇಂತಹ ಪಿಕಪ್ಪನ್ನು ಹಾಕಿ ಪ್ರಯೋಜನವಿಲ್ಲವೆಂಬುದು ಇದರಿಂದಲೇ ತಿಳಿಯುತ್ತದೆ.

ಮೈಕಿಗೂ ಪಿಕಪ್ಪಿಗೂ ಇರುವ ಅಂತರವನ್ನು ಇಲ್ಲಿಯೇ ಹೇಳಿಬಿಡಬೇಕು. ಬೀಳಗಿಯಲ್ಲಿ ಹುಟ್ಟಿದ ಅಮೀರ್‌ಬಾಯಿ ಕರ್ನಾಟಕಿಯವರ ಕಂಠ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಲ್ಲಿ ದೇಶದ ಮೂಲೆಮೂಲೆಗೂ ಮುಟ್ಟಿದ್ದು ಮೈಕಿನ ಮೂಲಕ. ಮೈಕು ಗಾಳಿಯಲ್ಲಿ ಬಂದ ಅಲೆಯನ್ನು ಹಿಡಿಯುತ್ತದೆ. ಹಾಡುವವರ ಉಸಿರು, ಕೋಣೆಯ ಮಾರ್ದನಿ, ಪಕ್ಕದವರ ಕೆಮ್ಮು ಎಲ್ಲವೂ ಅದಕ್ಕೆ ಒಂದೇ. ಪಿಕಪ್ಪು ಗಾಳಿಯ ಗೊಡವೆಗೆ ಹೋಗುವುದಿಲ್ಲ. ಅದು ನೋಡುವುದು ಉಕ್ಕಿನ ಅಲುಗಾಟವನ್ನು, ಅದೂ ತನ್ನ ನೇರಕ್ಕೆ ಮೇಲಿರುವ ಭಾಗದ ಅಲುಗಾಟವನ್ನು ಮಾತ್ರ. ತಂತಿ ಕುದುರೆಯ ಬಳಿ ಕಡಿಮೆ ಅಲುಗುತ್ತದೆ, ಕುತ್ತಿಗೆಯ ಕಡೆಗೆ ಹೆಚ್ಚು ಅಲುಗುತ್ತದೆ. ಆ ಕಾರಣ ಕುದುರೆಯ ಬಳಿಯ ಪಿಕಪ್ಪಿನ ದನಿ ತೆಳುವಾಗಿ ಚೂಪಾಗಿರುತ್ತದೆ, ಕುತ್ತಿಗೆಯ ಬಳಿಯದು ದುಂಡಾಗಿ ತುಂಬಿರುತ್ತದೆ. ಎರಡೂ ಕಡೆಗೆ ಒಂದೇ ಬಗೆಯ ಪಿಕಪ್ಪನ್ನು ಕೂರಿಸಿದರೆ ಕುದುರೆಯ ಬಳಿಯದು ಸೊರಗಿ ಕೇಳುತ್ತದೆ. ಅದಕ್ಕಾಗಿ ತಯಾರಕರು ಅಲ್ಲಿಯದಕ್ಕೆ ಕೆಲವು ನೂರು ಸುತ್ತುಗಳನ್ನು ಹೆಚ್ಚಾಗಿ ಸುತ್ತುವುದುಂಟು.

ಈ ಸಾಧನ ಬಳಕೆಗೆ ಬಂದು ಇನ್ನೂ ನೂರು ವರ್ಷ ತುಂಬಿಲ್ಲ. 1931ರಲ್ಲಿ ಅಮೆರಿಕದ ಜಾರ್ಜ್ ಬೋಶಾಂಪ್ ಎಂಬಾತ ಕುದುರೆಲಾಳದ ಆಕಾರದ ಅಯಸ್ಕಾಂತಗಳನ್ನು ತಂತಿಗಳ ಸುತ್ತ ಜೋಡಿಸಿ, ತೊಡೆಯ ಮೇಲೆ ಮಲಗಿಸಿ ನುಡಿಸುವ ಹವಾಯಿ ಗಿಟಾರಿಗೆ ಅದನ್ನು ಅಳವಡಿಸಿದನು. ಬಾಣಲೆಯ ಆಕಾರದಲ್ಲಿದ್ದ ಆ ವಾದ್ಯಕ್ಕೆ ಜನ ‘ಫ್ರೈಯಿಂಗ್ ಪ್ಯಾನ್’ ಎಂದೇ ಹೆಸರಿಟ್ಟರು. 1950ರ ದಶಕದಲ್ಲಿ ಫೆಂಡರ್, ಗಿಬ್ಸನ್ ಕಂಪನಿಗಳ ಗಟ್ಟಿ ಒಡಲಿನ ಗಿಟಾರುಗಳು ಬಂದವು. ಈ ಹೊತ್ತು ಮಾರಾಟವಾಗುವ ಪಿಕಪ್ಪುಗಳಲ್ಲಿ ಬಹುಪಾಲು ಆ ಹತ್ತು ವರ್ಷಗಳ ಮಾದರಿಗಳ ನಕಲುಗಳೇ.

ಸುರುಳಿಯನ್ನು ಸುತ್ತುವ ಕೆಲಸ ರಬಕವಿ-ಬನಹಟ್ಟಿಯ ನೇಕಾರರ ಮನೆಯವರಿಗೆ ಹೊಸದೆಂದು ತೋರಲಾರದು. ಲಾಳಿಯೊಳಗೆ ಇಡುವ ಕಂಡಿಕೆಗೆ ಹೊಕ್ಕಿನ ನೂಲನ್ನು ಸುತ್ತುವ ಹೆಂಗಸರ ಕೈಗೆ, ಎಲ್ಲಿ ಬಿಗಿಯಾಯಿತು, ಎಲ್ಲಿ ಸಡಿಲವಾಯಿತು ಎಂಬುದು ನೋಡದೆಯೇ ಗೊತ್ತಾಗುತ್ತದೆ. ಬಿಗಿ ಹೆಚ್ಚಾದರೆ ನೂಲು ಹರಿಯುತ್ತದೆ; ಸಡಿಲವಾದರೆ ಸುತ್ತು ಜಾರುತ್ತದೆ. ಪಿಕಪ್ಪಿನಲ್ಲಿ ನೂಲಿನ ಬದಲು ಕೂದಲಿನಷ್ಟು ಸಣ್ಣದಾದ, ಅರಗು ಬಳಿದ ತಾಮ್ರದ ತಂತಿ. ಅದರ ದಪ್ಪ ಒಂದು ಮಿಲಿಮೀಟರಿನ ಹದಿನಾರನೆಯ ಒಂದು ಪಾಲಿನಷ್ಟು. ಒಂಟಿ ಸುರುಳಿಯ ಪಿಕಪ್ಪೊಂದರಲ್ಲಿ ಇಂತಹ ಏಳೆಂಟು ಸಾವಿರ ಸುತ್ತುಗಳಿರುತ್ತವೆ. ಬಿಡಿಸಿ ಹಾಸಿದರೆ ಒಂದು ಕಿಲೋಮೀಟರಿಗೂ ಮಿಕ್ಕೀತು! ಅಬಿಗೈಲ್ ಯಬಾರಾ ಎಂಬ ಮಹಿಳೆ 1956ರಲ್ಲಿ ಫೆಂಡರ್ ಕಾರ್ಖಾನೆಗೆ ಸೇರಿ, ಹಲವು ದಶಕಗಳ ಕಾಲ ಇದೇ ಕೆಲಸವನ್ನು ಮಾಡಿದರು. ತಿರುಗುವ ಅಚ್ಚಿನ ಮೇಲೆ ತಂತಿಯನ್ನು ಬೆರಳುಗಳ ನಡುವೆ ಹಿಡಿದು ಸಾಗಿಸುವ ಅವರ ಕೈಚಳಕಕ್ಕಾಗಿಯೇ ಅವರ ಹೆಸರಿನ ಅಕ್ಷರಗಳಿದ್ದ ಪಿಕಪ್ಪುಗಳನ್ನು ವಾದಕರು ಹುಡುಕಿ ಕೊಂಡರು. ಕಂಡಿಕೆ ಸುತ್ತಿದವರ ಹೆಸರನ್ನು ಸೀರೆಯ ಸೆರಗಿನಲ್ಲಿ ಯಾರೂ ಬರೆಯಲಿಲ್ಲವೆಂಬುದು ಬೇರೆ ಮಾತು.

ಸುತ್ತುಗಳ ಸಂಖ್ಯೆ ಹೆಚ್ಚಿದಷ್ಟೂ ಪಿಕಪ್ಪಿನ ದನಿ ಬಲವಾಗುತ್ತದೆ. ಆದರೆ ಅದಕ್ಕೆ ಬೆಲೆ ತೆರಬೇಕಾಗುತ್ತದೆ. ಸುತ್ತು ಹೆಚ್ಚಾದಂತೆ ಸುರುಳಿ ಎತ್ತರದ ಸ್ವರಾಂಶಗಳನ್ನು ನುಂಗತೊಡಗಿ ಮಿಂಚು ಕಡಿಮೆಯಾಗುತ್ತದೆ. ಅಂಗಡಿಯವರು ಪಿಕಪ್ಪಿನ ಬಲವನ್ನು ಓಮ್‌ಗಳ ಲೆಕ್ಕದಲ್ಲಿ ಹೇಳುವ ರೂಢಿಯಿದೆ. ಹಳೆಯ ಮಾದರಿಯ ಒಂಟಿ ಸುರುಳಿಯದು ಸುಮಾರು 6,000 ಓಮ್, ಜೋಡಿ ಸುರುಳಿಯದು ಸುಮಾರು 8,000. ಈ ಅಂಕಿಯನ್ನೇ ನಂಬಿ ದೊಡ್ಡದನ್ನು ಕೊಳ್ಳುವವರು ಮೋಸಹೋಗುತ್ತಾರೆ. ತಂತಿ ಇನ್ನಷ್ಟು ಸಣ್ಣದಾದರೆ ಸುತ್ತು ಹೆಚ್ಚದೆಯೇ ಓಮ್ ಹೆಚ್ಚುತ್ತದೆ. ಒಂದೇ ದಪ್ಪದ ತಂತಿಯಿಂದ ಒಂದೇ ಮಾದರಿಯಲ್ಲಿ ಮಾಡಿದ ಎರಡು ಪಿಕಪ್ಪುಗಳನ್ನು ಹೋಲಿಸುವುದಕ್ಕೆ ಮಾತ್ರ ಆ ಅಂಕಿ ಉಪಯೋಗಕ್ಕೆ ಬರುತ್ತದೆ. ಅಯಸ್ಕಾಂತದ ಜಾತಿಯೂ ದನಿಯನ್ನು ಕೊಂಚ ಬದಲಿಸುತ್ತದೆ. ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್‌ಗಳನ್ನು ಕಬ್ಬಿಣದೊಡನೆ ಬೆರೆಸಿ ಮಾಡಿದ ಆಲ್ನಿಕೊದಲ್ಲಿ ಎರಡನೆಯ ದರ್ಜೆಯದು ಮೃದು, ಐದನೆಯದು ಚುರುಕು ಎಂದು ವಾದಕರು ಹೇಳುತ್ತಾರೆ. ಸೆರಾಮಿಕ್ ಅಯಸ್ಕಾಂತ ಅಗ್ಗವಾದದ್ದು. ಅಗ್ಗವೆಂದು ಕೀಳಲ್ಲ, ಬಿರುಸಾದ ದನಿ ಬೇಕೆನ್ನುವವರಿಗೆ ಅದೇ ಒಳ್ಳೆಯದು.

ಇನ್ನು ಗುಂಯ್‌ಗುಡುವಿಕೆಯ ವಿಚಾರ. ಈ ಸೀಮೆಯಲ್ಲಿ ಇದು ದೊಡ್ಡದು. ಭಾರತದ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಏರಿಳಿಯುತ್ತದೆ. ಮೋಟಾರು, ಟ್ರಾನ್ಸ್‌ಫಾರ್ಮರು, ಟ್ಯೂಬ್‌ಲೈಟಿನ ಚೋಕು, ಇವೆಲ್ಲ ತಮ್ಮ ಸುತ್ತ ಅದೇ ಗತಿಯಲ್ಲಿ ಏರಿಳಿಯುವ ಅಯಸ್ಕಾಂತ ಪ್ರಭಾವವನ್ನು ಹರಡುತ್ತವೆ. ಪಿಕಪ್ಪಿನ ಸುರುಳಿಗೆ ಇದು ಉಕ್ಕಿನ ತಂತಿಯ ಅಲುಗಾಟವೋ ಪಕ್ಕದ ಮೋಟಾರಿನ ಪ್ರಭಾವವೋ ಎಂಬ ವಿವೇಕವಿಲ್ಲ. ಎರಡನ್ನೂ ಹಿಡಿದು ಕಳಿಸುತ್ತದೆ. ಗೋಡೆಯಾಚೆ ವಿದ್ಯುತ್ ಮಗ್ಗಗಳು ನಡೆಯುವ ರಬಕವಿ-ಬನಹಟ್ಟಿಯ ಓಣಿಯಲ್ಲಿ ಒಂಟಿ ಸುರುಳಿಯ ಗಿಟಾರನ್ನು ಬಾರಿಸಲು ಕುಳಿತರೆ ಹಾಡಿನ ಅಡಿಯಲ್ಲಿ ದುಂಬಿಯೊಂದು ಬಿಡದೆ ಮೊರೆಯುತ್ತಿರುತ್ತದೆ. ಗಿಟಾರಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 82 ಬಾರಿ ನಡುಗುತ್ತದೆ. ಈ ದುಂಬಿಯ ಸ್ವರ ಅದಕ್ಕೂ ಕೆಳಗಿನದು, ಜೊತೆಗೆ ಅದರ ದುಪ್ಪಟ್ಟು, ಮುಮ್ಮಡಿಗಳೂ ಸೇರಿರುತ್ತವೆ. ಗಿಟಾರನ್ನು ಹಿಡಿದು ಕುಳಿತಲ್ಲೇ ನಿಧಾನವಾಗಿ ತಿರುಗಿದರೆ ಒಂದು ದಿಕ್ಕಿನಲ್ಲಿ ಮೊರೆತ ಬಹಳ ಮಟ್ಟಿಗೆ ಅಡಗುವುದನ್ನು ಕೇಳಬಹುದು. ಹಾಗೆ ಅಡಗಿದರೆ ತಪ್ಪು ಸುರುಳಿಯ ಸ್ವಭಾವದ್ದೆಂದು ತಿಳಿಯಬೇಕು.

ಇದಕ್ಕೆ ಪರಿಹಾರವನ್ನು ಗಿಬ್ಸನ್ ಕಂಪನಿಯ ಸೇತ್ ಲವರ್ ಎಂಬ ಎಂಜಿನಿಯರು 1955ರಲ್ಲಿ ರೂಪಿಸಿದನು. ಅವನು ಒಂದರ ಪಕ್ಕದಲ್ಲಿ ಒಂದರಂತೆ ಎರಡು ಸುರುಳಿಗಳನ್ನಿಟ್ಟು, ಅವು ಎದುರುಬದುರು ದಿಕ್ಕಿನಲ್ಲಿ ಕೆಲಸಮಾಡುವಂತೆ ಜೋಡಿಸಿದನು. ಹೊರಗಿನ ಮೊರೆತ ಎರಡರಲ್ಲಿಯೂ ಹುಟ್ಟುತ್ತದೆ. ಒಂದರಲ್ಲಿ ಏರುವಾಗ ಮತ್ತೊಂದರಲ್ಲಿ ಇಳಿಯುವುದರಿಂದ ಕೂಡಿಸಿದಾಗ ಸೊನ್ನೆಯ ಹತ್ತಿರ ಬರುತ್ತದೆ. ಹಾಗಾದರೆ ತಂತಿಯ ದನಿಯೂ ಸೊನ್ನೆಯಾಗಬೇಡವೆ? ಆಗದಂತೆ ಅವನು ಎರಡು ಸುರುಳಿಗಳ ಕೆಳಗಿನ ಅಯಸ್ಕಾಂತ ಧ್ರುವಗಳನ್ನೂ ತಿರುವುಮುರುವು ಮಾಡಿದನು. ಎರಡು ಸಲ ತಿರುಗಿಸಿದ್ದು ಮತ್ತೆ ನೇರವಾಗುವಂತೆ, ತಂತಿಯ ದನಿ ಮಾತ್ರ ಕಳೆಯದೆ ಕೂಡುತ್ತದೆ. ಇದಕ್ಕೆ ಹಂಬಕರ್ ಎಂದು ಹೆಸರಾಯಿತು. 1957ರಿಂದ ಗಿಟಾರುಗಳಲ್ಲಿ ಬಂದ ಇದಕ್ಕೆ 1959ರಲ್ಲಿ ಪೇಟೆಂಟು ದೊರೆಯಿತು. ಎರಡು ಸುರುಳಿಗಳು ತಂತಿಯ ಎರಡು ಜಾಗಗಳನ್ನು ಒಟ್ಟಿಗೆ ಹಿಡಿಯುವುದರಿಂದ ಅದರ ದನಿ ದಪ್ಪವಾಗಿ, ಅಂಚು ಮೊಂಡಾಗಿರುತ್ತದೆ. ಒಂಟಿ ಸುರುಳಿಯ ಗಾಜಿನಂತಹ ಸ್ಪಷ್ಟತೆಯನ್ನು ಬಯಸುವವನಿಗೆ ಅದು ಹಿಡಿಸದೆ ಹೋಗಬಹುದು. ಅಂಥವರಿಗಾಗಿ ಒಂದರ ಮೇಲೊಂದು ಸುರುಳಿಯನ್ನು ಪೇರಿಸಿದ, ಒಂಟಿ ಸುರುಳಿಯ ಅಳತೆಯದೇ ಆದ ಪಿಕಪ್ಪುಗಳು ಬಂದಿವೆ. ಮಗ್ಗದ ಓಣಿಯಲ್ಲಿ ಅಭ್ಯಾಸ ಮಾಡಿ, ಜನರೇಟರಿನ ಮಗ್ಗುಲಲ್ಲಿ ನಿಂತು ಬಾರಿಸುವವನಿಗೆ ಈ ಎರಡರಲ್ಲಿ ಒಂದು ಸೂಕ್ತವೇ ಹೊರತು ಹೆಸರಾಂತ ಹಳೆಯ ಒಂಟಿ ಸುರುಳಿಯಲ್ಲ.

ಮೊರೆತವೆಲ್ಲ ಪಿಕಪ್ಪಿನ ತಪ್ಪೇ ಎಂದು ತಿಳಿಯಲಾಗದು. ತಂತಿಯನ್ನು ಕೈಯಿಂದ ಮುಟ್ಟಿದೊಡನೆ ಸದ್ದು ಕಡಿಮೆಯಾಗಿ, ಬಿಟ್ಟೊಡನೆ ಹೆಚ್ಚಿದರೆ ಗಿಟಾರಿನ ಒಳಗಿನ ತಡೆಹೊದಿಕೆಯನ್ನೂ ಅರ್ತಿಂಗನ್ನೂ ನೋಡಬೇಕು. ಹೊಸ ಹಂಬಕರ್ ಅದನ್ನು ವಾಸಿಮಾಡದು. ಮುಟ್ಟಿದಾಗ ಜುಮ್ಮೆಂದರಂತೂ ಬಾರಿಸುವುದನ್ನು ಅಲ್ಲಿಗೇ ನಿಲ್ಲಿಸಬೇಕು. ಜಾತ್ರೆಯ ವೇದಿಕೆಗಳಲ್ಲಿ ಮೂರು ಕಾಲಿನ ಪ್ಲಗ್ಗಿನ ಒಂದು ಕಾಲನ್ನು ಮುರಿದು ಎರಡು ತೂತಿನ ಸಾಕೆಟ್ಟಿಗೆ ಸಿಕ್ಕಿಸುವುದನ್ನು ಕಾಣಬಹುದು. 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ಲೆಸ್ ಹಾರ್ವೆ ಎಂಬ ತರುಣ ಗಿಟಾರುವಾದಕ, ಅರ್ತಿಂಗಿಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ಪ್ರಾಣಬಿಟ್ಟನು. ಗಿಟಾರಿನ ತಂತಿಗಳು ಆಂಪ್ಲಿಫೈಯರಿನ ಅರ್ತಿಗೆ ಸೇರಿರುವುದರಿಂದ, ಮೈಕಿನಲ್ಲಿ ದೋಷವಿದ್ದರೆ ವಾದಕನ ದೇಹವೇ ವಿದ್ಯುತ್ತಿಗೆ ದಾರಿಯಾಗುತ್ತದೆ.

ಹೊಸದನ್ನು ಕೊಳ್ಳುವ ಮೊದಲು ಇರುವುದನ್ನು ಪರೀಕ್ಷಿಸುವುದರಲ್ಲಿಯೇ ಅರ್ಧ ಜಾಣತನವಿದೆ. ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆ ಗಿಟಾರಿಗೂ ಸಲ್ಲುತ್ತದೆ. ದನಿ ಮಂಕಾಗಿದೆಯೆಂದು ದೂರುವವರ ಗಿಟಾರಿನಲ್ಲಿ ಆರು ತಿಂಗಳ ಹಿಂದಿನ, ಬೆವರು ಹಿಡಿದು ಕಪ್ಪಿಟ್ಟ ತಂತಿಗಳು ಇರುವುದುಂಟು. ಹೊಸ ತಂತಿಗಳನ್ನು ಹಾಕಿದರೆ ಎಷ್ಟೋ ಗಿಟಾರುಗಳಿಗೆ ಮತ್ತೆ ಜೀವ ಬರುತ್ತದೆ. ಕೇಬಲ್ ಬಲು ಉದ್ದವಾದರೂ ಎತ್ತರದ ಸ್ವರಾಂಶ ಸೋರಿಹೋಗುತ್ತದೆ. ರಸಮಂಜರಿಯ ತಂಡಗಳಲ್ಲಿ ಇನ್ನೊಂದು ತೊಡಕಿದೆ. ಬೇರೆ ಆಂಪ್ಲಿಫೈಯರು ಇಲ್ಲದೆ ಗಿಟಾರಿನ ಕೇಬಲನ್ನು ನೇರವಾಗಿ ಮಿಕ್ಸರಿಗೆ ಚುಚ್ಚಿಬಿಡುತ್ತಾರೆ. ಪಿಕಪ್ಪಿನ ವಿದ್ಯುತ್ತು ಬಹಳ ನವಿರಾದದ್ದು. ಅದಕ್ಕೆ ಹತ್ತು ಲಕ್ಷ ಓಮ್‌ನಷ್ಟು ತಡೆಯುಳ್ಳ ಬಾಗಿಲು ಬೇಕು. ಮಿಕ್ಸರಿನ ಸಾಮಾನ್ಯ ಬಾಗಿಲಿನ ತಡೆ ಹಲವೊಮ್ಮೆ ಹತ್ತು ಸಾವಿರದಷ್ಟೇ ಇರುವುದರಿಂದ ದನಿ ಅಲ್ಲಿಯೇ ಕುಸಿಯುತ್ತದೆ. ಮಧ್ಯದಲ್ಲಿ ಡಿ.ಐ. ಬಾಕ್ಸ್ ಎಂಬ ಸಣ್ಣ ಪೆಟ್ಟಿಗೆಯನ್ನಿಟ್ಟರೆ ತೀರುವ ಕಷ್ಟಕ್ಕೆ ಮೂರು ಹೊಸ ಪಿಕಪ್ಪುಗಳನ್ನು ತಂದರೂ ಫಲವಿಲ್ಲ.

ಇಷ್ಟಾದ ಮೇಲೂ ದನಿ ಒಪ್ಪದಿದ್ದರೆ ಒಂದು ಸ್ಕ್ರೂಡ್ರೈವರ್ ಸಾಕು, ಪಿಕಪ್ಪಿನ ಎರಡು ಬದಿಯ ತಿರುಪುಗಳನ್ನು ತಿರುಗಿಸಿ ಎತ್ತರವನ್ನು ಬದಲಿಸಿ ನೋಡಬೇಕು. ಇದು ತಂಬೂರಿಯ ನೂಲನ್ನು ಸರಿಸಿದಂತೆಯೇ. ಹತ್ತಿರವಾದರೆ ದನಿ ಬಲವಾಗುತ್ತದೆ. ಅತಿ ಹತ್ತಿರವಾದರೆ ಅಯಸ್ಕಾಂತವು ತಂತಿಯನ್ನೇ ಸೆಳೆದು ಸ್ವರ ತೇಲಾಡಿ ಅಪಸ್ವರವಾಗುತ್ತದೆ. ಅರ್ಧ ಸುತ್ತು ತಿರುಗಿಸುವುದು, ಬಾರಿಸಿ ಕೇಳುವುದು, ಮತ್ತೆ ತಿರುಗಿಸುವುದು. ಇದಕ್ಕೆ ತಾಳ್ಮೆಯ ಹೊರತು ಖರ್ಚಿಲ್ಲ.

ಕೊಳ್ಳಲೇಬೇಕೆಂದು ನಿರ್ಧರಿಸಿದವನು ಮೊದಲು ತನಗೆ ಏನು ಬೇಕೆಂಬುದನ್ನು ಮಾತಿನಲ್ಲಿ ಹೇಳಬಲ್ಲವನಾಗಿರಬೇಕು. ‘ಚೆನ್ನಾಗಿ ಕೇಳಬೇಕು’ ಎಂಬುದು ಉತ್ತರವಲ್ಲ. ಗಾಯಕನ ಹಿಂದೆ ಮೃದುವಾಗಿ ನಡೆಯಬೇಕೆ, ಎಲ್ಲ ವಾದ್ಯಗಳನ್ನೂ ಸೀಳಿಕೊಂಡು ಮುಂದೆ ಬರಬೇಕೆ, ಕರ್ಕಶವಾಗಿರುವುದು ತಗ್ಗಬೇಕೆ, ಮೊರೆತ ಅಡಗಬೇಕೆ ಎಂಬುದು ಸ್ಪಷ್ಟವಾದರೆ ನೂರು ಮಾದರಿಗಳಲ್ಲಿ ಎರಡು ಮೂರು ಉಳಿಯುತ್ತವೆ. ಆಮೇಲೆ ಅಳತೆ. ಆರು ತಂತಿಗಳ ಒಟ್ಟು ಹರವು ಕೆಲವು ಗಿಟಾರುಗಳಲ್ಲಿ ಸುಮಾರು 50 ಮಿಲಿಮೀಟರು, ಕೆಲವುಗಳಲ್ಲಿ ಅದಕ್ಕಿಂತ ಎರಡು ಮೂರು ಹೆಚ್ಚು. ಪಿಕಪ್ಪಿನ ಕಂಬಗಳು ತಂತಿಗಳ ನೇರಕ್ಕೆ ಬರಬೇಕು. ದಪ್ಪ ಹಂಬಕರನ್ನು ತಂದು, ಅದಕ್ಕಾಗಿ ಮರವನ್ನು ಕೊರೆಯಲು ಹೊರಟವರು ಕೈಗೆ ಸಿಕ್ಕ ಉಳಿಯಿಂದ ಗಿಟಾರನ್ನೇ ಕೆಡಿಸಿದ್ದುಂಟು. ದನಿಯನ್ನು ಏರಿಸಿ ಇಳಿಸುವ ಗುಂಡಿಯ ತಡೆಯೂ ಹೊಂದಬೇಕು. ಒಂಟಿ ಸುರುಳಿಗೆ ಸಾಮಾನ್ಯವಾಗಿ 2,50,000 ಓಮ್, ಹಂಬಕರಿಗೆ 5,00,000. ಹಂಬಕರಿಗೆ ಸಣ್ಣ ತಡೆಯ ಗುಂಡಿಯೇ ಉಳಿದರೆ ಮೊದಲೇ ದಪ್ಪವಾದ ದನಿ ಇನ್ನಷ್ಟು ಮಸುಕಾಗುತ್ತದೆ. ಹಳೆಯ ಪಿಕಪ್ಪುಗಳ ನಡುವೆ ಒಂದನ್ನು ಮಾತ್ರ ಹೊಸದಾಗಿ ಸೇರಿಸುವುದಾದರೆ, ಅದರ ದಿಕ್ಕು ಉಳಿದವುಗಳೊಡನೆ ಹೊಂದುವುದೇ ಎಂದು ಕೇಳಿಕೊಳ್ಳಬೇಕು. ಇಲ್ಲದಿದ್ದರೆ ಎರಡನ್ನು ಒಟ್ಟಿಗೆ ಹಾಕಿದಾಗ ಒಂದು ಮತ್ತೊಂದನ್ನು ಕಳೆದು ದನಿ ಮೂಗಿನಲ್ಲಿ ಮಾತಾಡಿದಂತಾಗುತ್ತದೆ.

ಬೆಸುಗೆಯ ಕೆಲಸವನ್ನು ರೇಡಿಯೊ, ಟೀವಿ ರಿಪೇರಿಯ ಕೈ ಪಳಗಿದ ಯಾರು ಬೇಕಾದರೂ ಮಾಡಬಲ್ಲರು. ಆದರೆ ಬಿಚ್ಚುವ ಮೊದಲು ಯಾವ ಬಣ್ಣದ ವೈರು ಎಲ್ಲಿಗೆ ಹೋಗಿದೆ ಎಂದು ಚಿತ್ರ ಬರೆದಿಟ್ಟುಕೊಳ್ಳುವುದು ಅಗತ್ಯ. ಒಂದೊಂದು ಕಂಪನಿಯವರ ಬಣ್ಣದ ಲೆಕ್ಕ ಒಂದೊಂದು ಬಗೆ. ಕಾದ ಕಾವಿಯನ್ನು ಹೆಚ್ಚು ಹೊತ್ತು ಒತ್ತಿಹಿಡಿದರೆ ಸುರುಳಿಯ ತುದಿಯ ಕೂದಲೆಳೆ ತುಂಡಾಗಿ ಹೋದೀತು. ಕಳಚಿದ ಹಳೆಯ ಪಿಕಪ್ಪನ್ನು ಎಸೆಯದೆ, ಹೊಸದು ಬಂದ ಪೆಟ್ಟಿಗೆಯಲ್ಲಿಯೇ ಬಟ್ಟೆ ಸುತ್ತಿ, ಬರೆದಿಟ್ಟ ಚಿತ್ರದೊಡನೆ ಇಡುವುದು ವಾಡಿಕೆ. ಹೊಸದರ ಬಿರುಸು ನಾಲ್ಕಾರು ಜಾತ್ರೆಗಳಲ್ಲಿ ಸಾಕಾಗಿ, ಮಗ್ಗಗಳು ನಿಂತ ಒಂದು ರಾತ್ರಿ ಹಳೆಯ ದನಿಯೇ ಬೇಕೆನಿಸಿದವರು ಆ ಪೆಟ್ಟಿಗೆಯನ್ನು ಮತ್ತೆ ಹುಡುಕಿ ತೆಗೆಯುತ್ತಾರೆ.